ಗಡಿಗೆಯಲ್ಲಿಟ್ಟ ಹೆಸರು

ನಮ್ಮ ಓಣಿಯಲ್ಲಿ ಊಟದ ಹೊತ್ತಾದರೆ ಚಪ್ಪಾಳೆ ಕೇಳಿಸುತ್ತದೆ. ತಾಯಂದಿರು ಬಾಗಿಲಿಗೆ ಬಂದು ತಮ್ಮ ಬೆಳೆದ ಗಂಡುಮಕ್ಕಳನ್ನು ಹಾಗೆ ಕರೆಯುತ್ತಾರೆ. ಒಬ್ಬಳ ಚಪ್ಪಾಳೆ ಬಿಗಿ, ಒಬ್ಬಳದು ಬಿಡಿಬಿಡಿ, ಇನ್ನೊಬ್ಬಳು ಹಿಟ್ಟಿನ ಕೈಯಲ್ಲೇ ತಟ್ಟುವುದರಿಂದ ಅವಳದು ಮೆತ್ತಗೆ. ಹುಡುಗರು ಎಲ್ಲಿದ್ದರೂ ತಮ್ಮದನ್ನು ಗುರುತಿಸಿ ಬರುತ್ತಾರೆ. ಹೆಸರು ಹಿಡಿದು ಕರೆಯುವಂತಿಲ್ಲ. ಹದಿನೆಂಟು ತುಂಬಿದ ಹುಡುಗ ಚಾವಡಿಗೆ ಹೋಗಬೇಕು. ಅಲ್ಲಿಯ ಗುಮಾಸ್ತ ಅವನ ಮುಂದೆ ಒಂದು ಹೊಸ ಗಡಿಗೆ ಇಡುತ್ತಾನೆ. ಹುಡುಗ ಬಗ್ಗಿ ಅದರೊಳಗೆ ತನ್ನ ಹೆಸರು ಹೇಳುತ್ತಾನೆ. ಗುಮಾಸ್ತ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಡುತ್ತಾನೆ. ಅಂದಿನಿಂದ ಆ ಹುಡುಗ ದಂಡಿಗೆ ಸಲ್ಲತಕ್ಕವನು. ಕರೆ ಬಂದಾಗ ಹೊರಡಬೇಕು. ಅಂದಿನಿಂದಲೇ ಅವನ ಹೆಸರು ಯಾರ ನಾಲಿಗೆಗೂ ಬರುವುದಿಲ್ಲ. ಬರೆಯಹೋದರೆ ಕೈ ನಿಲ್ಲುತ್ತದೆ. ಕೆಲವರು ಜಾಣತನ ಮಾಡಿ ಮನೆಯ ಬಳಕೆಗೆಂದು ಮೊದಲೇ ಬೇರೊಂದು ಹೆಸರು ಇಟ್ಟುಕೊಂಡು ನೋಡಿದರು. ಅದೂ ಜೊತೆಗೇ ಹೋಯಿತು. ಆಮೇಲೆ ಇಟ್ಟ ಹೊಸ ಹೆಸರು ಸಂಜೆಯವರೆಗೂ ನಿಲ್ಲಲಿಲ್ಲ. ಎಷ್ಟೋ ಜನರಿಗೆ ಕರೆಯೇ ಬರುವುದಿಲ್ಲ. ಅವರು ಹೆಸರಿಲ್ಲದೆಯೇ ಮದುವೆಯಾಗಿ, ಮಕ್ಕಳ ತಂದೆಯಾಗಿ, ದಂಡಿನ ವಯಸ್ಸು ದಾಟಿದ ಮೇಲೆ ಚಾವಡಿಗೆ ಹೋಗಿ ಗಡಿಗೆ ಬಿಚ್ಚಿಸಿಕೊಂಡು ಬರುತ್ತಾರೆ.

ದಂಡಿನೊಳಗೆ ಇರುವವರ ಸಂಗತಿ ಬೇರೆ. ಅವರಿಗೆ ಕಾಗದ ಹೋಗುವುದಿಲ್ಲ, ಅವರಿಂದ ಬರುವುದೂ ಇಲ್ಲ. ದಂಡು ಬಿಟ್ಟು ಊರ ಕಡೆ ಹೊರಟ ದಿನ ಅವರ ಹೆಸರು ಮನೆಯವರ ಬಾಯಿಗೆ ಮರಳುತ್ತದೆ. ಸತ್ತ ದಿನವೂ ಮರಳುತ್ತದೆ. ಆದುದರಿಂದ ನಮ್ಮೂರ ತಾಯಂದಿರು ದಿನಾ ಬೆಳಗ್ಗೆ ಹೊಸ್ತಿಲಿಗೆ ನೀರು ಹಾಕಿ, ಅಲ್ಲೇ ನಿಂತು, ಮಗನ ಹೆಸರನ್ನು ಒಮ್ಮೆ ಅಂದು ನೋಡುತ್ತಾರೆ. ಬಾಯಿ ತೆರೆಯುತ್ತದೆ, ಏನೂ ಬರುವುದಿಲ್ಲ. ಬರಲಿಲ್ಲವೆಂದರೆ ಅವನು ಇದ್ದಾನೆ, ಇದ್ದಲ್ಲಿಯೇ ಇದ್ದಾನೆ. ಆ ದಿನದ ಕೆಲಸಕ್ಕೆ ತೊಡಗಬಹುದು. ಎಂದಾದರೂ ಒಬ್ಬಳ ಬಾಯಿಂದ ಹೆಸರು ಬಂದುಬಿಟ್ಟರೆ ಓಣಿಯವರೆಲ್ಲ ಹೊರಗೆ ಬರುತ್ತಾರೆ. ಆ ಮನೆಯ ಒಲೆಯ ಮೇಲೆ ಒಂದು ಕಡೆ ಸೂತಕದ ಸ್ನಾನಕ್ಕೆ ನೀರು, ಇನ್ನೊಂದು ಕಡೆ ಹುಗ್ಗಿಗೆ ಗೋದಿ ಇಡುತ್ತಾರೆ. ಯಾವುದು ಬೇಕಾಗುವುದೋ ಯಾರಿಗೂ ತಿಳಿಯದು. ಗಡಿಯಿಂದ ಒಬ್ಬನು ನಡೆದು ಬರುವಷ್ಟು ಕಾಲ ದಾರಿ ನೋಡಬೇಕು.

ನಾನು ಕಂಬಳಿ ನೇಯುವವನು. ಚಿಕ್ಕಂದಿನಲ್ಲಿ ಮಠದ ಅಯ್ಯನವರ ಬಳಿ ಓದು ಕಲಿತೆ. ಕಣ್ಣು ಮಂಜಾಗುವವರೆಗೆ ಶ್ರಾವಣದಲ್ಲಿ ಪುರಾಣ ಓದುವ ಸೇವೆ ನನ್ನದಾಗಿತ್ತು. ನನಗೆ ಒಬ್ಬನೇ ಮಗ. ಅವನ ಗಡಿಗೆ ಅಟ್ಟ ಸೇರಿದ ಮೇಲೆ ಅವನಿಗೆ ಮದುವೆ ಮಾಡಿದೆವು. ಸೊಸೆ ಹೆರಿಗೆಯಲ್ಲಿ ತೀರಿಹೋದಳು. ಹೆಣ್ಣುಕೂಸು ಅಂಬೆಗಾಲಿಡುವಾಗ ಅವನಿಗೆ ಕರೆ ಬಂತು. ಕೂಸನ್ನು ನಾನೂ ನನ್ನ ಹೆಂಡತಿ ಸಾವಂತ್ರವ್ವನೂ ಸಾಕಿದೆವು. ತಂದೆಯ ಹೆಸರು ಏನೆಂಬುದು ಆ ಹುಡುಗಿಗೆ ಗೊತ್ತಿಲ್ಲ. ಅವಳು ಹುಟ್ಟುವ ಮೊದಲೇ ಅದು ಊರಿನ ಬಾಯಿಂದ ಹೋಗಿತ್ತು. ಚಿಕ್ಕವಳಿದ್ದಾಗ ಬೆಳಗ್ಗೆ ಅಜ್ಜಿಯ ಪಕ್ಕದಲ್ಲಿ ನಿಂತು ಅವಳ ಬಾಯನ್ನೇ ನೋಡುತ್ತಿದ್ದಳು. "ಮೊದಲ ತುಟಿ ಕೂಡತಾವು, ಹೌದಿಲ್ಲೋ ಅಜ್ಜಿ?" ಎಂದು ಕೇಳುತ್ತಿದ್ದಳು. ಸಾವಂತ್ರವ್ವ ನಗುತ್ತ ಬಾಯಿಗೆ ಸೆರಗು ಹಿಡಿಯುತ್ತಿದ್ದಳು.

ಹೋದ ವರ್ಷ ಚಳಿಗಾಲದಲ್ಲಿ ಸಾವಂತ್ರವ್ವ ಶಿವನ ಪಾದ ಸೇರಿದಳು. ಆ ಬೆಳಗ್ಗೆ ಜ್ವರದಲ್ಲಿಯೇ ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೆ ಹೋಗಿ ಬಾಯಿ ತೆರೆದು ನೋಡಿದಳು. ನನ್ನ ಕಡೆ ತಿರುಗಿ "ಬರಲಿಲ್ಲ" ಎಂದಳು. ಅವಳು ಆಡಿದ ಕಡೆಯ ಮಾತು ಅದು. ಆ ಮಾತಿನಲ್ಲಿ ಸಂತೋಷವಿತ್ತು. ಆಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಗಂಡಸು ಹೊಸ್ತಿಲಲ್ಲಿ ನಿಂತು ಬಾಯಿ ತೆರೆಯುವುದನ್ನು ಓಣಿ ಕಂಡಿರಲಿಲ್ಲ. ನಾಚಿಕೆಯಾಗಿ ನಾನು ದೇವರ ಜಗಲಿಯ ಮುಂದೆಯೇ ಅಂದು ನೋಡುತ್ತಿದ್ದೆ. ಶಿವನಿಗೆ ಸಾವಿರ ಹೆಸರು; ಎಲ್ಲವೂ ಸರಾಗವಾಗಿ ಬರುತ್ತಿದ್ದವು. ಕೊನೆಯಲ್ಲಿ ಮಗನದು. ಅಲ್ಲಿ ನಿಲ್ಲುತ್ತಿತ್ತು. ಎದ್ದು ಮಗ್ಗದ ಹತ್ತಿರ ಹೋಗುತ್ತಿದ್ದೆ.

ಮನೆಯಲ್ಲಿ ಕರೆಯಲು ನನಗೆ ಉಳಿದದ್ದು ಒಂದೇ ಹೆಸರು, ಮೊಮ್ಮಗಳದು. ನೀರಿಗೆ ಕರೆಯುವೆ, ಉಣ್ಣೆಗೆ ಕರೆಯುವೆ, ಸುಮ್ಮನೆಯೂ ಕರೆಯುವೆ. "ಏನಜ್ಜಾ?" ಎಂದು ಬರುವಳು. "ಏನಿಲ್ಲ." "ಏನಿಲ್ಲ ಅಂದ್ರ ಯಾಕ ಕರದಿ?" "ಇದ್ದೀಯೋ ಇಲ್ಲೋ ನೋಡಿದೆ." ಅವಳು ಹಣೆ ಬಡಿದುಕೊಂಡು ಒಳಗೆ ಹೋಗುವಳು. ಸ್ವಲ್ಪ ಹೊತ್ತಿಗೆ ಮತ್ತೆ ಕರೆಯುವೆ.

ಹೀಗಿರುವಾಗ ಅಮಲ್ದಾರರು ಊರಿಗೆ ಬಂದು ಒಂದು ಮಾತು ಹೇಳಿಹೋದರು. ಹುಡುಗಿಯರೂ ಹದಿನೆಂಟಕ್ಕೆ ಹೆಸರು ಕೊಡಬೇಕೋ ಬೇಡವೋ ಎಂಬುದನ್ನು ಊರವರೇ ಕೂಡಿ ತೀರ್ಮಾನಿಸಬೇಕು. ಕೊಡಬೇಕೆಂದರೆ ಎಲ್ಲರೂ ಕೊಡಬೇಕು. ಬೇಡವೆಂದರೆ ಯಾರೂ ಬೇಡ. ನಮ್ಮಲ್ಲಿ ಇಂಥ ಮಾತು ಮಠದ ಅಂಗಳದಲ್ಲಿ ಆಗುತ್ತದೆ. ಮಾತಾಡಬೇಕೆಂದವರು ಮಾತಾಡಿದ ಮೇಲೆ ಊರಿಗೆಲ್ಲ ಹಿರಿಯನಾದವನು ಎದ್ದು ನಿಲ್ಲುತ್ತಾನೆ. ಅವನು ಅಂದದ್ದೇ ಊರಿನ ತೀರ್ಪು. ಹಿರಿಯನೆಂದರೆ ಈಗ ನಾನು. ಮೊಮ್ಮಗಳಿಗೆ ಬರುವ ಯುಗಾದಿಗೆ ಹದಿನೆಂಟು ತುಂಬುವುದಿತ್ತು.

ಅವಳು ಪಡಸಾಲೆಯಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದಳು. "ನೀ ಏನ್ ಹೇಳಾಂವ ಅಜ್ಜಾ?" ಎಂದು ಕೇಳಿದಳು.

"ಬ್ಯಾಡ ಅಂತೀನಿ. ಇನ್ನೇನ್ ಹೇಳಲಿ?"

"ನನ್ನ ಕೇಳಲಿಲ್ಲ?"

"ನಿನ್ನ ಕೇಳೂದೇನೈತಿ? ನಿನ್ನ ಹೆಸರು ಹೋದ್ರ ನಾ ಈ ಮನ್ಯಾಗ ಯಾರನ್ನ ಕರೀಲಿ?"

"ಅದು ನಿನ್ನ ಮಾತಾತು. ಊರ ಮಾತು ಆಗಲಿಲ್ಲ."

"ದಂಡು ಅಂದ್ರ ಏನಂತ ತಿಳಿದಿ ನೀನು?"

"ನನಗೇನೂ ತಿಳಿದಿಲ್ಲ. ಅಪ್ಪಗ ತಿಳಿದಿತ್ತೇನು, ಹೋಗಬೇಕಾದ್ರ?"

ನಾನು ಸಿಟ್ಟಿನಿಂದ ಎದ್ದು ಮಗ್ಗಕ್ಕೆ ಕೂತೆ. ನೇಯ್ದದ್ದೆಲ್ಲ ಸೊಟ್ಟವಾಯಿತು. ಮರುದಿನ ಬಿಚ್ಚಬೇಕಾಯಿತು.

ಊರು ಕೂಡಿದ ದಿನ ಮಠದ ಅಂಗಳದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತರು. ಮೊದಲು ನನ್ನ ನೆರೆಮನೆಯ ಮಾಳಪ್ಪ ಎದ್ದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡಿಲ್ಲ. "ಹೆಣ್ಣುಮಕ್ಕಳಂದ್ರ ಮನಿ ದೀಪ ಇದ್ದಂಗ್ರಿ. ಅವನ್ನ ಒಯ್ದು ಅಟ್ಟದ ಮ್ಯಾಲ ಇಡೂದಂದ್ರ..." ಎಂದು ಶುರುಮಾಡಿದ.

ಎದುರುಮನೆಯ ಕೆಂಚವ್ವ ಕೂತಲ್ಲಿಂದಲೇ ಕೇಳಿದಳು: "ನನ್ನ ಮೂರು ಮಂದಿ ಮನಿ ಕಸ ಇದ್ದರೇನು ಮಾಳಪ್ಪಣ್ಣ?" ಅವಳ ಮೂವರು ಗಂಡುಮಕ್ಕಳಿಗೂ ಕರೆ ಬಂದಿತ್ತು. ಮೂವರೂ ದಂಡಿನಲ್ಲಿದ್ದರು.

"ಹಂಗಲ್ಲವ್ವಾ. ಗಂಡೂ ಹೋಗಿ ಹೆಣ್ಣೂ ಹೋದ್ರ ಊರು ಉಳಿಯೂದು ಹೆಂಗ?"

"ಈಗ ಉಳದೈತೇನು? ನನ್ನ ಮನ್ಯಾಗ ನಾ ಒಬ್ಬಾಕಿ, ಒಂದು ಬೆಕ್ಕು. ಬೆಕ್ಕಿಗೆ ಹೆಸರೈತಿ."

ಜನ ನಕ್ಕರು. ಗಂಡಸರ ಕಡೆಯಿಂದ ಯಾರೋ, "ಹುಡುಗ್ಯಾರ ಕೈಯಾಗ ಬಂದೂಕ ಕೊಡತೀರೇನ್ರಿ?" ಎಂದ. ಹಿಂದಿನಿಂದ ಒಬ್ಬ ಮುದುಕಿ, "ಹೇಂತಿ ಕೈಯಾಗಿನ ಲಟ್ಟಣಗಿ ಕಂಡ್ರ ಓಡತಿ, ಬಂದೂಕದ ಮಾತಾಡತಿ, ಕೂಡೋ ಮೂಳಾ" ಎಂದಳು. ಮತ್ತೆ ನಗೆ.

ಆಗ ಮಾಳಪ್ಪನ ಹಿರಿಯ ಮಗಳು ಎದ್ದು ನಿಂತಳು. ಅವಳ ಹೆಸರನ್ನೂ ನಾನೀಗ ಬರೆಯಲಾರೆ. ನೆಲ ನೋಡುತ್ತ, "ನನಗ ಅಂಜಿಕಿ ಬರತೈತಿ. ನಾ ಒಲ್ಲೆ" ಎಂದಷ್ಟೇ ಹೇಳಿ ಕೂತುಬಿಟ್ಟಳು. ಯಾರೂ ನಗಲಿಲ್ಲ. ಕೆಂಚವ್ವ ಅವಳ ಕಡೆ ತಿರುಗಿ ಮೆತ್ತಗೆ, "ನನ್ನ ಸಣ್ಣ ಮಗನೂ ಹಿಂಗ ಅಂದಿದ್ದ ಯವ್ವಾ. ಅಂವನ ಮಾತು ಯಾರೂ ಕೇಳಲಿಲ್ಲ" ಎಂದಳು.

ನನ್ನ ಮೊಮ್ಮಗಳು ಎದ್ದಾಗ ನಾನು ತಲೆ ತಗ್ಗಿಸಿದೆ. "ಓಣ್ಯಾಗ ಯಾರರ ನನ್ನ ಹೆಸರು ಹಿಡದು ಕರದ್ರ ನನ್ನ ವಾರಿಗಿ ಹುಡುಗ್ರು ತಿರುಗಿ ನೋಡತಾರ. ಸಿಟ್ಟಿಲೆ ಅಲ್ಲ. ಹಸದವ್ರು ಇನ್ನೊಬ್ಬರು ಉಣ್ಣೂದನ್ನ ನೋಡಿದಂಗ. ನನಗ ಓ ಅನ್ನಾಕ ನಾಚಿಕಿ ಆಗತೈತಿ. ಅವರೂ ಕೊಡಬಾರದಿತ್ತು. ಕೊಟ್ಟಾರ. ನಾ ಒಬ್ಬಾಕಿ ಇಟಗೊಂಡು ಏನ್ ಮಾಡಲಿ?" ಇಷ್ಟು ಹೇಳಿ ಅವಳು ಕೂರಲಿಲ್ಲ. ನನ್ನ ಕಡೆ ನೋಡುತ್ತ ನಿಂತೇ ಇದ್ದಳು.

ಅಂಗಳಕ್ಕೆ ಬರುವಾಗ ನನ್ನ ಬಾಯಲ್ಲಿ ಬೇಡವೆಂಬ ಮಾತು ಸಿದ್ಧವಾಗಿತ್ತು. ಅದಕ್ಕೆ ಶಾಸ್ತ್ರದ ಆಧಾರಗಳನ್ನೂ ಹುಡುಕಿಟ್ಟುಕೊಂಡಿದ್ದೆ. ಎದ್ದು ನಿಂತ ಮೇಲೆ ಕೆಂಚವ್ವನ ಮುಖ ಕಂಡಿತು. ಅವಳ ಮುಂದೆ ಆ ಆಧಾರಗಳನ್ನು ಹೇಳಲು ಬಾಯಿ ಬರಲಿಲ್ಲ. "ನನ್ನ ಕಡೆ ನ್ಯಾಯ ಇಲ್ಲ" ಎಂದೆ. "ಆಸೆ ಅಷ್ಟ ಐತಿ. ನಾ ಎರಡು ಮಾತು ಹೇಳತೀನಿ. ಮೊದಲನೇದು, ಯಾರ ಮಗನ ಹೆಸರೂ ಆ ಗಡಿಗ್ಯಾಗ ಹೋಗಬಾರದಿತ್ತು. ಶಿವ ಕೊಟ್ಟದ್ದನ್ನ ಮುಚ್ಚಿ ಇಡಾಕ ನಾವ್ಯಾರು? ಎಲ್ಲಾ ಗಡಿಗಿ ಇಳಿಸಿ ಬಟ್ಟಿ ಬಿಚ್ಚರಿ. ಎರಡನೇದು, ಬಿಚ್ಚಾಕ ಆಗೂದಿಲ್ಲ ಅಂದ್ರ, ಕೆಂಚವ್ವನ ಮಕ್ಕಳದು ಹೋಗಲಿ, ನಮ್ಮ ಹುಡುಗೀದು ಉಳೀಲಿ ಅನ್ನಾಕ ನನ್ನ ಹತ್ರ ಕಾರಣಿಲ್ಲ."

ನಾನು ಕೂತೆ. ಗೌಡರು ಎದ್ದು ಸಭೆಗೆ ಹೇಳಿದರು: "ಹುಡುಗ್ಯಾರೂ ಹೆಸರು ಕೊಡಬೇಕು ಅಂತ ಹಿರ್ಯಾರ ಮಾತಾತು."

"ಮೊದಲನೇ ಮಾತು, ಗೌಡ್ರ?" ಎಂದೆ.

"ಗಡಿಗಿ ಬಿಚ್ಚೂದು ನಮ್ಮ ಕೈಯಾಗ ಇಲ್ಲಲ್ರಿ ಅಜ್ಜಾರ. ಅವರು ಕೇಳಿದ್ದು ಹುಡುಗ್ಯಾರ ಮಾತಷ್ಟ."

ಜನ ಎದ್ದು ಬಟ್ಟೆಯ ಧೂಳು ಕೊಡವಿಕೊಂಡು ಹೊರಟರು. ನನ್ನ ಮೊದಲನೇ ಮಾತು ಅಂಗಳದಲ್ಲೇ ಉಳಿಯಿತು. ಎರಡನೆಯದು ನನಗಿಂತ ಮೊದಲೇ ಓಣಿ ಸೇರಿತ್ತು. ಮಾಳಪ್ಪ ನನ್ನ ಬಾಗಿಲಲ್ಲಿ ಕಾದು ನಿಂತಿದ್ದ. "ನಿನ್ನ ಮೊಮ್ಮಗಳು ಹೋಗತೀನಿ ಅಂದ್ಲು, ಹೋಗಲಿ. ನನ್ನ ಮಕ್ಕಳ ಹೆಸರಿಗೆ ಯಾಕ ಬಟ್ಟಿ ಕಟ್ಟಿದಿ?" ಎಂದ. ಅವನು ಹೇಳಿದ್ದರಲ್ಲಿಯೂ ಸುಳ್ಳಿರಲಿಲ್ಲ. ಅಂದಿನಿಂದ ಅವನ ಮನೆಯಿಂದ ಮಜ್ಜಿಗೆ ಬರುವುದು ನಿಂತಿತು. ಹೆಣ್ಣುಮಕ್ಕಳಿದ್ದ ಮನೆಯವರು ನಾನು ಬರುವುದನ್ನು ಕಂಡರೆ ಬಾಗಿಲು ಮುಂದೆ ಮಾಡುತ್ತಿದ್ದರು. ಗಂಡುಮಕ್ಕಳನ್ನು ಕಳಿಸಿದ ಮನೆಯವರು ಕೈಮುಗಿಯುತ್ತಿದ್ದರು. ಅದನ್ನು ಸಹಿಸುವುದು ಇನ್ನೂ ಕಷ್ಟವಾಗುತ್ತಿತ್ತು. ನಾನು ಮಠಕ್ಕೆ ಹಿಂದಿನ ದಾರಿಯಿಂದ ಹೋಗಿಬರತೊಡಗಿದೆ.

ಯುಗಾದಿಯ ಮರುದಿನ ಅವಳು ಚಾವಡಿಗೆ ಹೊರಟಳು. ನಾನೂ ಹೋದೆ. ದಾರಿಯುದ್ದಕ್ಕೂ ಅವಳ ಹೆಸರು ಕರೆಯುತ್ತಿದ್ದೆ. ಮೊದಮೊದಲು ಪ್ರತಿ ಸಲವೂ "ಓ" ಅಂದಳು. ಆಮೇಲೆ, "ಸಾಕೋ ಅಜ್ಜಾ, ಸವಸಿಬಿಟ್ಟಿ ಅದನ್ನ" ಎಂದು ನಕ್ಕಳು. ಚಾವಡಿಯೊಳಗೆ ಮನೆಯವರನ್ನು ಬಿಡುವುದಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕೂತು ಅಂದುಕೊಳ್ಳುತ್ತಲೇ ಇದ್ದೆ, ಜಪ ಮಾಡುವ ಹಾಗೆ. ನಡುವೆ ಒಂದು ಸಲ ಬಾಯಿ ತೆರೆದೆ, ಬರಲಿಲ್ಲ. ಮತ್ತೆ ತೆರೆದೆ. ಗಾಳಿ ಮಾತ್ರ ಬಂತು. ಒಳಗೆ ಅವಳು ಬಗ್ಗಿದ್ದಾಳೆಂದು ತಿಳಿಯಿತು. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು, ಹೋದಾಗ ಇದ್ದಂತೆಯೇ ಇದ್ದಳು. ನನ್ನ ಮುಖ ನೋಡಿ ಕೈಹಿಡಿದುಕೊಂಡಳು. ಮನೆ ಸೇರುವವರೆಗೆ ಬಿಡಲಿಲ್ಲ.

ಕರೆಯುವುದನ್ನು ನಾನು ಹೊಸದಾಗಿ ಕಲಿಯಬೇಕಾಯಿತು. ಮಗ್ಗ ಎಳೆದು ಕಟ್ಟಿಗೆಯಂತಾದ ಕೈಗಳು. ತಟ್ಟಿದರೆ ಒಣ ಸದ್ದು. ಮೊದಲ ದಿನ ಅವಳು ಅಡುಗೆಮನೆಯಿಂದ ಇಣುಕಿ, "ಕೋಳಿ ಓಡಸಾಕತ್ತಿ ಏನು?" ಎಂದಳು. ನಾನೂ ನಕ್ಕೆ. ಆದರೆ ಸುಮ್ಮನೆ ಕರೆಯುವುದು ನಿಂತಿತು. ಚಪ್ಪಾಳೆ ತಟ್ಟಿ ಕರೆದು ಏನಿಲ್ಲ ಎನ್ನಲು ಆಗುವುದಿಲ್ಲ. ಮೂರ್ಖತನವಾಗಿ ಕಾಣುತ್ತದೆ. ಅವಳು ಒಳಗಿದ್ದಾಳೆಂದು ತಿಳಿಯಲು ಬಳೆಯ ಸದ್ದಿಗೆ ಕಿವಿಗೊಡುತ್ತ ನೇಯುತ್ತಿದ್ದೆ.

ಜೋಳದ ಸುಗ್ಗಿ ಮುಗಿದ ಮೇಲೆ ಕರೆ ಬಂತು. ನಮ್ಮ ಓಣಿಯ ಹುಡುಗಿಯರಲ್ಲಿ ಅವಳೊಬ್ಬಳಿಗೇ ಬಂತು. ಮಾಳಪ್ಪನ ಮಕ್ಕಳಿಗೆ ಬರಲಿಲ್ಲ. ಅವಳು ಹೊರಡುವ ಮುಂಜಾನೆ ಮಾಳಪ್ಪ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಹಿಡಿದುಕೊಂಡು ನನ್ನ ಹೊಸ್ತಿಲಿಗೆ ಬಂದ. ಗಂಟನ್ನು ಅವಳ ಕೈಗೆ ಕೊಟ್ಟು, ಕಂಬ ಹಿಡಿದು ನಿಂತುಕೊಂಡ. ನಾನು ಹೊಸ ಕಂಬಳಿ ಹೊದಿಸಿ, ಹಣೆಗೆ ವಿಭೂತಿ ಹಚ್ಚಿ, ಊರ ಅಗಸೆಯವರೆಗೆ ಅವಳ ಜೊತೆ ನಡೆದೆ.

"ಅಜ್ಜಾ, ಅಪ್ಪನ ಹೆಸರು ಬಂದ್ರ ನನಗ ಹೆಂಗ ತಿಳಸತಿ?" ಎಂದು ಅಗಸೆಯ ಹತ್ತಿರ ಕೇಳಿದಳು.

"ಶಿವಗ ಹೇಳತೀನಿ."

"ಅಂವಗ ಹೇಳಿದ್ರ ಅಂವ ನನಗ ಹೇಳತಾನೇನು?"

"ಇಲ್ಲಂದ್ರ ನೀನ ಬಂದು ಕೇಳು."

"ಬರತೀನಿ" ಎಂದಳು. ಬಗ್ಗಿ ನನ್ನ ಪಾದ ಮುಟ್ಟಿದಳು. ದಾರಿ ತಿರುಗುವಲ್ಲಿ ಅವಳು ಒಮ್ಮೆ ಹಿಂದೆ ನೋಡಲಿ ಎಂದು ಕೂಗಬೇಕೆನಿಸಿತು. ಚಪ್ಪಾಳೆ ಅಷ್ಟು ದೂರ ಮುಟ್ಟುವಂತಿರಲಿಲ್ಲ.

ಮರುದಿನ ಬೆಳಗ್ಗೆ ಎಂದಿನಂತೆ ಮಿಂದು ಜಗಲಿಯ ಮುಂದೆ ಕೂತೆ. ಪತ್ರಿ ಏರಿಸಿದೆ. ಶಿವನ ಹೆಸರುಗಳು ಮುಗಿದವು. ಮಗನದನ್ನು ಅಂದು ನೋಡಿದೆ; ಬರಲಿಲ್ಲ. ಅವಳದಕ್ಕೆ ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ಮನೆಯಲ್ಲಿ ಸದ್ದಿರಲಿಲ್ಲ. ಒಲೆ ತಣ್ಣಗಿತ್ತು. ಬಂದುಬಿಟ್ಟರೆ ಯಾರಿಗೆ ಹೇಳಲಿ, ಬರದಿದ್ದರೆ ಯಾರಿಗೆ ಹೇಳಲಿ ಎಂದು ದೇವರ ಮುಖ ನೋಡುತ್ತ ಕೂತೆ. ದೇವರು ನನ್ನ ಮುಖ ನೋಡುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಅವನು ಓ ಅನ್ನುವುದಿಲ್ಲ.

ಹೊರಗಿನಿಂದ ಕೆಂಚವ್ವನ ದನಿ ಕೇಳಿತು. "ಅಜ್ಜಾ, ಹೊರಗ ಬಾ. ಒಳಗ ಅಂದ್ರ ಶಿವಗಷ್ಟ ಕೇಳತೈತಿ. ಇಲ್ಲಿ ಅಂದ್ರ ನಾವೂ ಕೇಳತೀವಿ."

ಎದ್ದು ಹೊಸ್ತಿಲಿಗೆ ಹೋದೆ. ಓಣಿಯುದ್ದಕ್ಕೂ ಹೆಂಗಸರು ಹೊಸ್ತಿಲಿಗೆ ನೀರು ಹಾಕಿ ನಿಂತಿದ್ದರು. ನನಗೆ ನಾಚಿಕೆಯಾಗದಿರಲೆಂದು ಎಲ್ಲರೂ ಬೇರೆ ಕಡೆ ನೋಡಿದರು. ಕೆಂಚವ್ವ ತನ್ನವನ್ನು ಅಂದು ನೋಡುತ್ತಿದ್ದಳು. ಹಿರಿಯವನದಾದ ಮೇಲೆ ಸ್ವಲ್ಪ ತಡೆದು ಎರಡನೆಯವನದು, ಮತ್ತೆ ತಡೆದು ಕಿರಿಯವನದು. ಮೂರು ಸಲವೂ ಅವಳ ಬಾಯಿ ತೆರೆದು ಬರಿದೇ ಮುಚ್ಚಿತು. ಆಮೇಲೆ ಅವಳು ನನ್ನ ಕಡೆ ನೋಡಿದಳು. ನಾನು ಚೌಕಟ್ಟು ಹಿಡಿದುಕೊಂಡು ಬಾಯಿ ತೆರೆದೆ. ಅವಳು ಕೂಸಾಗಿದ್ದಾಗಿನಿಂದ ಕರೆದ ಹೆಸರು ಗಂಟಲವರೆಗೆ ಬಂತು; ಅಲ್ಲಿಂದ ಮುಂದೆ ಬರಲಿಲ್ಲ.

"ಏನಾತು?" ಎಂದಳು ಕೆಂಚವ್ವ.

"ಬರಲಿಲ್ಲವ್ವಾ."

"ಎರಡೂ?"

"ಎರಡೂ."

"ಚಲೋ ಆತು ಬಿಡು" ಎಂದು ಅವಳು ಒಳಗೆ ಹೋದಳು. ಓಣಿಯ ಬಾಗಿಲುಗಳು ಒಂದೊಂದಾಗಿ ಖಾಲಿಯಾದವು. ಹೊಗೆ ಏಳತೊಡಗಿತು, ರೊಟ್ಟಿ ಬಡಿಯುವ ಸದ್ದು ಕೇಳಿತು. ನಾನು ಹೊಸ್ತಿಲಲ್ಲೇ ಕೂತಿದ್ದೆ. ಒಳಗೆ ಹೋಗಿ ಮಾಡುವಂಥದ್ದು ಏನಿತ್ತು? ಬಿಸಿಲು ಕಾಲಿನವರೆಗೆ ಬಂದಾಗ ಎದುರಿನಿಂದ ಯಾರನ್ನೋ ಹೆಸರು ಹಿಡಿದು ಕೂಗಿದ್ದು ಕೇಳಿತು. ಎರಡನೆಯ ಸಲ ಕೂಗಿದಾಗ ಅದು ನನ್ನದೆಂದು ತಿಳಿದು ತಲೆಯೆತ್ತಿದೆ. ಸಾವಂತ್ರವ್ವ ಗಂಡನ ಹೆಸರು ಹೇಳಿದವಳಲ್ಲ. ನನಗೆ ಹಿರಿಯರಾದವರು ಊರಲ್ಲಿ ಯಾರೂ ಉಳಿದಿಲ್ಲ. ಆ ಹೆಸರು ನನ್ನ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ ತಿಳಿಯದು.

"ರೇವಣಸಿದ್ದಜ್ಜಾ, ನಿನಗ ಕರ್ಯಾಕತ್ತೀನಿ. ರೊಟ್ಟಿ ಆರಾಕತ್ತಾವ" ಎಂದಳು ಕೆಂಚವ್ವ, ಹಿಟ್ಟಿನ ಕೈಯನ್ನು ಬಾಗಿಲಿಗೆ ಊರಿಕೊಂಡು.

"ಓ" ಎಂದೆ. ಎದ್ದು ಓಣಿ ದಾಟಿದೆ.